ಎಣಿಕೆ ಹಾಕದ ಮಾತು

ಒಂದೂರಿನಲ್ಲಿ ಒಂದು ಕೆಂಪು ಕುದುರೆ ಇತ್ತಂತೆ. ಬೇರೆ ಕುದುರೆಗಳು ಬಿಟ್ಟ ಉಸಿರು ಗಾಳಿಯಲ್ಲಿ ಕಳೆದುಹೋಗುತ್ತದೆ; ಈ ಕುದುರೆಯದು ಹಾಗಲ್ಲ. ತಾನು ಬಿಟ್ಟ ಬಿಸಿ ಉಸಿರಿನಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಆ ಚಕ್ರದಿಂದ ಹೊಸ ಗಾಳಿಯನ್ನು ಎರಡರಷ್ಟು ಎದೆಗೆ ತುಂಬಿಕೊಂಡು ಓಡುತ್ತಿತ್ತಂತೆ. ಅದಕ್ಕೆ ಇಲ್ಲದ್ದು ಒಂದೇ, ಬುದ್ಧಿ. ಎಷ್ಟು ಗಾಳಿಗೆ ಎಷ್ಟು ಮೇವು, ಯಾವ ಕ್ಷಣಕ್ಕೆ ಕಿಡಿ, ಎಲ್ಲಿಗೆ ಬಂದು ನಿಲ್ಲಬೇಕು, ಒಂದೂ ಅದಕ್ಕೆ ತಿಳಿಯದು. ಅದಕ್ಕೆ ಬುದ್ಧಿ ಮಾಡಿಕೊಡುತ್ತೇನೆಂದು ಒಬ್ಬ ಹುಡುಗಿ ಮಾತು ಕೊಟ್ಟಳಂತೆ. ಕೊಟ್ಟವಳು ಆ ಲಾಯದಲ್ಲೇ ಉಳಿದುಬಿಟ್ಟಳಂತೆ.

ಆ ಊರು ಬಾಗಲಕೋಟೆಯ ನವನಗರ. ಕುದುರೆಯೆಂದರೆ ಟರ್ಬೊ ಹಾಕಿದ ಹಳೆಯ ಪೆಟ್ರೋಲ್ ಕಾರು. ಲಾಯವೆಂದರೆ ತಗಡಿನ ಚಾವಣಿಯ ಗ್ಯಾರೇಜು. ಹುಡುಗಿಯ ಹೆಸರು ಕಸ್ತೂರಿ, ವಯಸ್ಸು ಇಪ್ಪತ್ತಾರು. ಹುನಗುಂದದ ಹತ್ತಿರ ಹೊಲ ಮಾಡಿಕೊಂಡಿದ್ದ ತಾಯಿ-ತಂದೆ, ಸಾಲಿ ಕಲಿಯಲೆಂದು ಅವಳನ್ನು ಆರು ವರ್ಷದವಳಿದ್ದಾಗಲೇ ಅಜ್ಜಿ ಗುರುಲಿಂಗವ್ವನ ಮನೆಯಲ್ಲಿ ಬಿಟ್ಟಿದ್ದರು. ಅಜ್ಜಿ ತುತ್ತಿಗೊಂದು ಕಥೆ ಹೇಳಿ ಉಣಿಸಿದ್ದಳು. ಆ ಕಥೆಗಳಲ್ಲಿ ಕೊಟ್ಟ ಮಾತು ಮುರಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಬಾದಾಮಿಯ ಗುಹೆಗಳ ಕಂಬಗಳ ಮೇಲೆ ಇರುವ ಮಂದಿಯೆಲ್ಲ ಹಾಗೆ ಮಾತು ತಪ್ಪಿದವರೇ ಎಂದು ಕಸ್ತೂರಿ ಹತ್ತು ವರ್ಷದವರೆಗೂ ನಂಬಿದ್ದಳು. ಆಮೇಲೆ ನಂಬಿಕೆ ಹೋಯಿತು, ಅಂಜಿಕೆ ಹೋಗಲಿಲ್ಲ.

ಗ್ಯಾರೇಜು ಅಜ್ಜಿಯ ಕಿರಿಮಗ ಪ್ರವೀಣಕುಮಾರನದು, ಅಂದರೆ ಕಸ್ತೂರಿಯ ಸೋದರಮಾವನದು. ಊರೂರಿನ ಕಾಲು ಮೈಲಿ ಓಟದ ಸ್ಪರ್ಧೆಗಳಿಗೆ ಆ ಕೆಂಪು ಕಾರನ್ನು ಒಯ್ಯುವುದೇ ಅವನ ಜೀವ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದ ಅಕ್ಕನ ಮಗಳು ನಾಲ್ಕು ವರ್ಷಗಳ ಹಿಂದೆ ಮೊದಲ ಸಲ ಆ ಇಂಜಿನ್ನಿನ ಅಂಕಿಗಳನ್ನು, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂಬುದನ್ನು, ಹೊಂದಿಸಿದ್ದಳು. ಒಂಬತ್ತನೆಯ ದಿನಕ್ಕೆ ಪಿಸ್ಟನ್ ಕರಗಿ ತೂತಾಯಿತು. ಮಾಮಾ ಬಯ್ಯಲಿಲ್ಲ. ಕರಗಿದ ಪಿಸ್ಟನ್ನನ್ನು ತಂದು ಊಟದ ತಾಟಿನ ಪಕ್ಕದಲ್ಲಿಟ್ಟ, ಅಷ್ಟೇ. ಕಸ್ತೂರಿ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟಳು. ಎದ್ದು ಹೋಗಿ ಅಜ್ಜಿಯ ಪೂಜೆಯ ವಿಭೂತಿ ಮುಟ್ಟಿದಳು.

"ಮಾಮಾ, ನಿನಗ ಏನೇನು ಬೇಕೋ ಅದನ್ನೆಲ್ಲಾ ಮಾಡೂ ಕಾರಿನ ಕಂಪ್ಯೂಟರ್ ನಾನ ಮಾಡಿ ಕೊಡ್ತೇನಿ. ಅದು ಮುಗಿಯೂತನಕ ಬ್ಯಾರೆ ಯಾವ ಕೆಲಸಕ್ಕೂ ಕೈ ಹಚ್ಚೂದಿಲ್ಲ."

ಹೇಳಿದಾಗ ಮಾತು ಎಷ್ಟು ಚೆಂದ ಕೇಳಿಸಿತ್ತು. ಅಂದು ರಾತ್ರಿ ಅಜ್ಜಿ ಕೌದಿ ಹೊದಿಸುತ್ತ, ಹುಚ್ಚಿ, ಕಥಿಯೊಳಗಿನ ಹುಡುಗಿ ಮೂರು ಆಸೆ ಅಂತಾಳ, ಏಳು ಅಂತಾಳ, ನೀ ಎಣಿಕಿನ ಹಾಕಲಿಲ್ಲಲ್ಲವಾ ಎಂದಳು.

ಮಾಮಾನ ಬಯಕೆಗಳ ಪಟ್ಟಿ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಶುರುವಾಯಿತು. ಮೊದಲು ಇದ್ದವು ಐದು. ನಿಂತಲ್ಲೇ ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ಹಿಡಿದು ಕಾದು, ಕ್ಲಚ್ ಬಿಟ್ಟ ಕೂಡಲೇ ಕಾರು ಜಿಗಿಯಬೇಕು. ಒಂದನೆಯ ಗೇರಿನಲ್ಲಿ ಟರ್ಬೊ ಗಾಳಿ ಕಡಿಮೆ, ಮೂರನೆಯದರಲ್ಲಿ ಪೂರ್ತಿ ಬರಬೇಕು. ಒಳಗೆ ಕಟಕಟ ಬಡಿತ ಎದ್ದರೆ ಕಂಪ್ಯೂಟರ್ ತಾನೇ ಕೇಳಿಸಿಕೊಂಡು ಕಿಡಿಯನ್ನು ತಡಮಾಡಬೇಕು. ಎಣ್ಣೆಯ ಒತ್ತಡ ಬಿದ್ದರೆ ಇಂಜಿನ್ ತಾನಾಗಿ ನಿಲ್ಲಬೇಕು. ಆಕ್ಸಿಲರೇಟರ್ ಬಿಟ್ಟು ಒತ್ತಿದರೂ ಟರ್ಬೊ ತೂಕಡಿಸಬಾರದು. ಕಸ್ತೂರಿ ಮಾರ್ಕೆಟ್ಟಿನಲ್ಲಿ ಸಿಕ್ಕ ಅಲ್ಯೂಮಿನಿಯಂ ಡಬ್ಬಿಯೊಳಗೆ ತಾನೇ ಗೆರೆ ಎಳೆದು ಮಾಡಿಸಿದ ಸರ್ಕ್ಯೂಟ್ ಬೋರ್ಡು ಕೂರಿಸಿ, ಒಂದೊಂದೇ ಬೆಸುಗೆ ಹಾಕಿ, ಹನ್ನೊಂದು ತಿಂಗಳಲ್ಲಿ ಐದನ್ನೂ ಮುಗಿಸಿದಳು. ಮುಗಿಸಿದ ದಿನವೇ ಆರನೆಯದು ಹುಟ್ಟಿತು.

ಆಮೇಲೆ ನಿಲ್ಲಲಿಲ್ಲ. ಪಂಪಿನ ಪೆಟ್ರೋಲಿಗೊಂದು, ಓಟದ ಪೆಟ್ರೋಲಿಗೊಂದು ಲೆಕ್ಕಾಚಾರ ಬೇಕು, ಅದಕ್ಕೊಂದು ತಿರುಗಿಸುವ ಗುಂಡಿ ಬೇಕು. ಸೈಲೆನ್ಸರಿನಿಂದ ಬೆಂಕಿ ಉಗುಳಬೇಕು. ಮೇ ತಿಂಗಳ ಬಿಸಿಲಿಗೆ ಎ.ಸಿ. ಹಾಕಿದರೂ ಇಂಜಿನ್ ನಡುಗಬಾರದು. ಒಮ್ಮೆ ಅಜ್ಜಿಯೂ ಒಂದು ಕೇಳಿದಳು: ದವಾಖಾನೆಗೆ ತಾನು ಕೂತು ಹೋಗುವಾಗ ಈ ಕಾರು ಎತ್ತಿ ಒಗೆಯಬಾರದು. ಕಸ್ತೂರಿ ಗುಂಡಿಗೆ ಮೂರನೆಯ ಮನೆ ಮಾಡಿ ಅದರ ಮೇಲೆ ಬಿಳಿ ಬಣ್ಣದಲ್ಲಿ 'ಅಜ್ಜಿ' ಎಂದು ಬರೆದಳು. ಅಲ್ಲಿಗೆ ತಿರುಗಿಸಿದರೆ ಕಾರು ಅತ್ತೆಯ ಮನೆಗೆ ಬಂದ ಹೊಸ ಸೊಸೆಯ ಹಾಗೆ ನಡೆಯುತ್ತಿತ್ತು. ನಾಲ್ಕು ವರ್ಷದಲ್ಲಿ ಪಟ್ಟಿ ಮೂವತ್ತು ದಾಟಿತು.

ಅದರಲ್ಲಿ ಹನ್ನೆರಡನೆಯದು, ಕಾರು ಓಡಿದ ಪ್ರತಿ ಕ್ಷಣವೂ ಡಬ್ಬಿಯಲ್ಲಿ ದಾಖಲಾಗಬೇಕೆಂಬುದು. ಅದನ್ನು ಮಾಡಿದ ವಾರಕ್ಕೆ ಕಸ್ತೂರಿಗೆ ಒಂದು ಸಂಗತಿ ಕಂಡಿತು. ತಾನು ಕಾರಿನಲ್ಲಿ ಇಲ್ಲದ ದಿನಗಳಲ್ಲಿ ಮಾತ್ರ ಗಾಳಿಯ ಒತ್ತಡ ತಾನಿಟ್ಟ ಮಿತಿಗಿಂತ ಮೇಲೇರಿರುತ್ತಿತ್ತು. ಮಾಮಾ ಟರ್ಬೊದ ಮಗ್ಗುಲಿನ ತಿರುಪನ್ನು ಕೈಯಿಂದ ಬಿಗಿದು ಓಡಿಸಿ, ಮನೆಗೆ ಬರುವ ಮೊದಲು ಸಡಿಲಿಸುತ್ತಿದ್ದ. ಮೊದಲ ಸಲದ ಆ ಪಿಸ್ಟನ್ ಯಾಕೆ ಕರಗಿತೆಂಬುದು ಅವಳಿಗೆ ಆ ಗೆರೆಗಳಲ್ಲಿ ಚೊಕ್ಕವಾಗಿ ಕಂಡಿತು. ಓಡಿಹೋಗಿ ಅಜ್ಜಿಗೆ ಹೇಳಿದಳು. ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ತಪ್ಪು ಅವಂದು ಆದ್ರ ನಿನ್ನ ತಪ್ಪು ಹೋತು," ಎಂದಳು. "ಮಾತು ಎಲ್ಲಿ ಹೋತು? ಅದು ನೀ ಕೊಟ್ಟದ್ದು."

ಅಂದಿನಿಂದ ಗ್ಯಾರೇಜಿನ ಗೋಡೆಗಳು ಇನ್ನೊಂದು ಗೇಣು ಒಳಗೆ ಸರಿದ ಹಾಗಾಯಿತು. ಕಾರಿನ ಎಡ ಸೀಟೇ ಅವಳ ಜಾಗ. ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಿಂದ ಡಬ್ಬಿಗೆ ಮೊಳದುದ್ದದ ಕೇಬಲ್, ಎದೆಯ ಮೇಲೆ ಅಡ್ಡಡ್ಡ ಬಿಗಿದ ಓಟದ ಬೆಲ್ಟು. ಬೆಳಗಿನ ಆರಕ್ಕೆ ಹೊರಟರೆ ಅಮೀನಗಡ, ಹುನಗುಂದ ದಾಟಿ ಇಳಕಲ್ ಕಡೆಯ ನಾಲ್ಕು ಪಥದ ಹೆದ್ದಾರಿಯಲ್ಲಿ ಪರೀಕ್ಷೆ. ಹುನಗುಂದದಲ್ಲಿ ತಾಯಿಯ ಮನೆಗೆ ಹೋಗುವ ಕಚ್ಚಾ ರಸ್ತೆ ಎಡಗಡೆ ಬಂದು ಹಿಂದೆ ಸರಿಯುತ್ತಿತ್ತು. ಅವಳು ಅತ್ತ ಹೊರಳಿ ನೋಡುವಷ್ಟರಲ್ಲಿ ಪರದೆಯ ಅಂಕಿಗಳು ಬದಲಾಗಿರುತ್ತಿದ್ದವು.

ಇಳಕಲ್ಲಿನ ಹೊರವಲಯದಲ್ಲಿ, ಕೆಂಪು ಕಲ್ಲಿನ ದಿಮ್ಮಿ ಹೊತ್ತ ಲಾರಿಗಳು ಸಾಲಾಗಿ ನಿಲ್ಲುವಲ್ಲಿ, ಫರಹಾನಾಳ ಅಂಗಡಿ ಇತ್ತು. ಡಿಪ್ಲೊಮಾದಲ್ಲಿ ಕಸ್ತೂರಿಯ ಪಕ್ಕ ಕೂತು ಕಲಿತವಳು. ಲಾರಿಗಳ ಟರ್ಬೊ ಡೀಸೆಲ್ ಇಂಜಿನ್ನುಗಳ ಕಂಪ್ಯೂಟರ್ ಕೆಟ್ಟರೆ ಸುತ್ತಲಿನವರೆಲ್ಲ ಅವಳ ಕಡೆಗೇ ಬರುತ್ತಿದ್ದರು. ಕಳೆದ ತಿಂಗಳು ಪರೀಕ್ಷೆಗೆ ಹೋದಾಗಲೆಲ್ಲ ಅವಳು ಬಾಗಿಲಿಗೆ ಬಂದು ಕೈಬೀಸಿದ್ದಳು. ಕಸ್ತೂರಿ ಕೈ ಎತ್ತುವಷ್ಟರಲ್ಲಿ ಅಂಗಡಿ ಹಿಂದಾಗಿರುತ್ತಿತ್ತು. ಆ ವಾರ ಫರಹಾನಾ ಫೋನ್ ಮಾಡಿದಳು.

"ನನ್ನ ಅಂಗಡಿ ಮುಂದ ನಿಮ್ಮ ಕಾರು ಏಳು ಸಲ ಹೋತು, ಒಂದು ಸಲಾನೂ ನಿನ್ನ ಕಾಲು ನೆಲಕ್ಕ ಹತ್ತಲಿಲ್ಲ. ನಿಮ್ಮ ಮಾಮಾ ನಿನ್ನನ್ನೂ ವೈರಿನ ಜೋಡಿ ಸೇರಿಸಿ ಟೇಪ್ ಸುತ್ಯಾನೇನ?"

ಆಮೇಲೆ ನಗು ಬಿಟ್ಟು ವಿಷಯಕ್ಕೆ ಬಂದಳು. ಎರಡನೆಯ ಮೇಜು ಖಾಲಿಯಿದೆ, ಕೆಲಸ ಒಬ್ಬಳ ಕೈಗೆ ಮೀರಿದೆ, ಅರ್ಧ ಪಾಲು ಕಸ್ತೂರಿಯದು. ಸೋಮವಾರದವರೆಗೆ ಕಾಯುತ್ತಾಳೆ. ಆಮೇಲೆ ವಿಜಯಪುರದ ಒಬ್ಬರಿಗೆ ಹೂಂ ಅನ್ನಲೇಬೇಕು. ಕಸ್ತೂರಿ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಧೂಳು ಒರೆಸುತ್ತ, ಪಟ್ಟಿಯಲ್ಲಿ ಇನ್ನೆರಡು ಉಳಿದಿವೆ ಎಂದಳು. ಹೋದ ವರ್ಷವೂ ಎರಡೇ ಉಳಿದಿದ್ದವು ಎಂದು ಫರಹಾನಾ ನೆನಪಿಸಿದಳು.

ಶುಕ್ರವಾರದ ಹೊತ್ತಿಗೆ ಆ ಎರಡೂ ಮುಗಿದವು. ಶನಿವಾರವಿಡೀ ಕಸ್ತೂರಿ ಮಾಮಾನ ಮುಖ ನೋಡಲಿಲ್ಲ. ನೋಡಿದರೆ ಹೊಸದೊಂದು ಹುಟ್ಟೀತೆಂಬ ಭಯ. ಹುಟ್ಟಿಯೇ ಬಿಟ್ಟಿತು. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಬಂದ ಮಾಮಾ ಮುಖ ಗಂಟಿಕ್ಕಿಕೊಂಡಿದ್ದ. ಓಟದಲ್ಲಿ ಅವನ ಎದುರಾಳಿ ಬಾದಾಮಿಯ ಪ್ರೇಮಕುಮಾರ. ಅವನು ಯಾರದೋ ಕಾರಿಗೆ ಹತ್ತೇ ನಿಮಿಷ ಲ್ಯಾಪ್‌ಟಾಪ್ ಸಿಕ್ಕಿಸಿ ಇಡೀ ಲೆಕ್ಕಾಚಾರವನ್ನೇ ಕದ್ದಿದ್ದಾನೆಂದು ಅಲ್ಲಿ ಸುದ್ದಿ. ಇಳಕಲ್ಲಿನ ಅಂಗಡಿಯ ಬಾಗಿಲಲ್ಲಿ ಬೀಸುತ್ತಿದ್ದ ಕೈ ಕೂಡ ಅವನ ಕಣ್ಣಿಗೆ ಬೀಳದೆ ಇರಲಿಲ್ಲ.

"ಡಬ್ಬಿಗೆ ಬೀಗ ಹಾಕು," ಎಂದ. "ಪ್ರೇಮಕುಮಾರ ಒಳಗ ಹೋಗಬಾರದು. ಆ ಇಳಕಲ್ ಹುಡುಗಿ ಹೋಗಬಾರದು." ಸ್ವಲ್ಪ ತಡೆದು, "ನೀನೂ ಹೋಗಬಾರದು," ಎಂದ.

ಅಂಥ ಬೀಗ ಇದ್ದೇ ಇತ್ತು. ಡಬ್ಬಿಯ ನಡುವಿನ ಕಂಪ್ಯೂಟರ್ ಚಿಪ್ಪಿನೊಳಗೆ ತಯಾರಕರೇ ಇಟ್ಟಿರುವ ಒಂದು ಸಣ್ಣ ಎಳೆ. ಒಂದು ಸಲ ಅದನ್ನು ಸುಟ್ಟರೆ ಒಳಗಿನದನ್ನು ಯಾರೂ ಓದಲಾರರು, ಯಾರೂ ತಿದ್ದಲಾರರು. ಅದಕ್ಕೆ ಕೀಲಿಕೈಯೇ ಇಲ್ಲ. ಸುಟ್ಟ ಮೇಲೆ ಮಾಮಾ ಕೇಳಿದರೂ, ತಾನು ಬಯಸಿದರೂ, ಪಟ್ಟಿಗೆ ಮತ್ತೊಂದು ಸೇರಿಸಲು ಸಾಧ್ಯವಿಲ್ಲ; ಸೋಮವಾರ ಫರಹಾನಾಳ ಎರಡನೆಯ ಮೇಜು ತನ್ನದು. ಸುಮ್ಮನೆ ಹೂಂ ಅಂದಿದ್ದರೆ ಸಾಕಿತ್ತು.

ಅನ್ನಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಳೆ ದೊಡ್ಡ ಟರ್ಬೊ ಹಾಕಿದರೂ ಒಂದಂಕಿ ಬದಲಿಸಲಾಗದು, ಈ ಡಬ್ಬಿ ಸಾಯುವವರೆಗೆ ಹೀಗೇ ಇರುತ್ತದೆ, ತೆಗೆಯುವ ದಾರಿ ತನಗೂ ಗೊತ್ತಿಲ್ಲ ಎಂದಳು. ಮಾಮಾ ಕೇಳುತ್ತ ಕೇಳುತ್ತ ಕಣ್ಣು ಕಿರಿದು ಮಾಡಿದ.

"ಹೆದರಸಬ್ಯಾಡ ನನ್ನ. ಹಿಂದಿಂದ ಬರಾಕ ನಿನಗೊಂದು ಕಿಂಡಿ ಉಳಿಸ್ಕೋಬೇಕು, ಅಷ್ಟ ಅಲ್ಲ?"

ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ತಲೆಯೆತ್ತಿದಳು. ಅವಳಿಗೆ ಚಿಪ್ಪು ತಿಳಿಯದು, ಎಳೆ ತಿಳಿಯದು. ಆದರೆ ಯಾರು ಯಾವ ಬಾಗಿಲನ್ನು ಯಾವ ಕಡೆಯಿಂದ ಮುಚ್ಚಿಕೊಳ್ಳುತ್ತಿದ್ದಾರೆಂಬುದು ಚೆನ್ನಾಗಿ ತಿಳಿಯಿತು. ಸಾಕ್ಷಿಗೆ ತಾನಿದ್ದೇನೆ, ಮೂರು ಸಲ ಕೇಳು ಎಂದಳು.

ಕಸ್ತೂರಿ ಕೇಳಿದಳು. ಹಾಕು ಅಂದ. ಮತ್ತೆ ಕೇಳಿದಳು. ಕಿವಿ ಕೇಳೂದಿಲ್ಲೇನು, ಹಾಕು ಅಂದ. ಮೂರನೆಯ ಸಲ ಅಜ್ಜಿ ತಾನೇ ನಡುವೆ ಬಾಯಿ ಹಾಕಿದಳು.

"ಇದ ಕಡೀ ಆಸೆ ಏನಪಾ? ಇದಾದ ಮ್ಯಾಲ ಮಾತು ತೀರಿದಂಗ?"

"ಹೌದಬೇ, ಇದ ಕಡೀದು," ಎಂದು ಮಾಮಾ ಕ್ಯಾಲೆಂಡರಿನ ಬೆನ್ನ ಮೇಲೆ 'ಬೀಗ' ಎಂದು ಬರೆದು, ಕೆಳಗೆ ತಾನೇ ಗೆರೆ ಎಳೆದ. ತಾನು ಗೆದ್ದೆನೆಂಬ ಸಮಾಧಾನ ಅವನ ಮುಖದಲ್ಲಿತ್ತು.

ಆ ಗಳಿಗೆಯಲ್ಲೇ ಸುಟ್ಟುಬಿಡಬಹುದಿತ್ತು. ಲ್ಯಾಪ್‌ಟಾಪಿನ ಎರಡು ಕೀಲಿ ಒತ್ತಿದರೆ ಮುಗಿಯಿತು. ಆದರೆ ಮೂರನೆಯ ಗೇರಿನಲ್ಲಿ, ಎರಡು ಸಾವಿರದ ಎಂಟುನೂರು ಸುತ್ತಿನ ಹತ್ತಿರ, ಇಂಜಿನ್ ಸಣ್ಣಗೆ ಒಮ್ಮೆ ಬಿಕ್ಕಳಿಸುತ್ತಿತ್ತು. ಮಾಮಾನಿಗೆ ಅದು ಎಂದೂ ಗೊತ್ತಾಗಿರಲಿಲ್ಲ, ಪಟ್ಟಿಯಲ್ಲೂ ಇರಲಿಲ್ಲ. ಎಂದಾದರೂ ಸರಿ ಮಾಡೋಣವೆಂದು ಅವಳು ಎರಡು ವರ್ಷದಿಂದ ಮುಂದೂಡಿದ್ದಳು. ಇನ್ನು ಆ ಎಂದಾದರೂ ಬರುವುದಿಲ್ಲ. ಬಿಕ್ಕಳಿಕೆಯ ಮೇಲೆಯೇ ಬೀಗ ಬಿದ್ದರೆ, ಆ ಕುದುರೆ ಇರುವವರೆಗೂ ಬಿಕ್ಕಳಿಸುತ್ತದೆ. ಇನ್ನೊಂದು ಸಲ ರಸ್ತೆಗೆ ಹೋಗಬೇಕು ಎಂದಳು. ಅಜ್ಜಿ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

ಭಾನುವಾರ ಬೆಳಿಗ್ಗೆ ಹೋದರು. ಅದೇ ಬೆಲ್ಟು, ಅದೇ ಕೇಬಲ್ಲು. ಮೂರನೆಯ ಗೇರು, ಬಿಕ್ಕಳಿಕೆ, ಒಂದು ಚೂರು ಪೆಟ್ರೋಲ್ ಹೆಚ್ಚು. ಮತ್ತೆ ಬಿಕ್ಕಳಿಕೆ. ಕಿಡಿ ಅರ್ಧ ಡಿಗ್ರಿ ಹಿಂದೆ. ಹುನಗುಂದದಿಂದ ಇಳಕಲ್ಲಿಗೆ, ಇಳಕಲ್ಲಿನಿಂದ ಹುನಗುಂದಕ್ಕೆ. ನಾಲ್ಕನೆಯ ಸುತ್ತಿನಲ್ಲಿ ಮಾಮಾ ತಟ್ಟನೆ ವೇಗ ತಗ್ಗಿಸಿ, "ಕಸ್ತೂರಿ, ನನಗೊಂದು ಅನಸಾಕತ್ತೇತಿ," ಎಂದ.

ಒಂದು ಲಾರಿ ದಾಟಿತು, ಇನ್ನೊಂದು ದಾಟಿತು. ಕಸ್ತೂರಿ ಪರದೆಯ ಮೇಲಿನ ಚೌಕಗಳನ್ನು, ಅಜ್ಜಿಯ ಸೀರೆಯ ಚೌಕಡಿ ಎಣಿಸಿದ ಹಾಗೆ, ಎಡದಿಂದ ಬಲಕ್ಕೆ ಎಣಿಸುತ್ತ ಕೂತಳು.

"ಅಮೀನಗಡದಾಗ ಕರದಂಟು ತಗೋಬೇಕಿತ್ತು," ಎಂದ ಮಾಮಾ. "ನಿನ್ನ ಅಜ್ಜಿ ಕೇಳಿದ್ಳು."

ಐದನೆಯ ಸುತ್ತಿನಲ್ಲಿ ಇಂಜಿನ್ ಎರಡು ಸಾವಿರದ ಎಂಟುನೂರನ್ನು ಎಣ್ಣೆ ಸವರಿದ ಹಾಗೆ ದಾಟಿ ಮೇಲೇರಿತು. ಮಾಮಾ ಏನನ್ನೂ ಗಮನಿಸಲಿಲ್ಲ. ಕಸ್ತೂರಿಗೆ ಅಳು ಬಂದಂತಾಯಿತು. ನಾಲ್ಕು ವರ್ಷ ತನ್ನನ್ನು ಕಟ್ಟಿಹಾಕಿದ ಆ ಡಬ್ಬಿಯನ್ನು ತಾನು ಇಷ್ಟು ಪ್ರೀತಿಸಿದ್ದೆನೆಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಗ್ಯಾರೇಜಿನ ಶಟರ್ ಅರ್ಧ ಎಳೆದಿತ್ತು. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಅಜ್ಜಿ ಸ್ಟೂಲಿನ ಮೇಲೆ, ಮಾಮಾ ಬಾನೆಟ್ಟಿಗೆ ಒರಗಿ. ಕಸ್ತೂರಿ ಎಡ ಸೀಟಿನಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಪಟ್ಟಿ ಓದಿ ಹೇಳಿದಳು. ಒಂದೊಂದಕ್ಕೂ ಮಾಮಾ ಹೂಂ ಎಂದ. 'ಅಜ್ಜಿ' ಗುಂಡಿಗೆ ಅಜ್ಜಿಯೇ ಹೂಂ ಎಂದಳು. ಸುಡಲೇ ಎಂದು ಪರದೆ ಕೇಳಿತು. ಒತ್ತಿದಳು. ಹಸಿರು ಗೆರೆ ಎಡದಿಂದ ಹೊರಟು, ನಡುವೆ ಒಂದು ಗಳಿಗೆ ನಿಂತು, ಬಲದ ಅಂಚಿಗೆ ಹೋಗಿ ಮುಟ್ಟಿತು. ಡಬ್ಬಿಯ ದೀಪ ಆರಿ, ಮತ್ತೆ ಹತ್ತಿತು.

ಬೀಗ ಬಿತ್ತೋ ಇಲ್ಲವೋ ನೋಡಲು ಅವಳು ಇನ್ನೊಮ್ಮೆ ಒಳಗೆ ಹೋಗಲು ಯತ್ನಿಸಿದಳು. ಡಬ್ಬಿ ಉತ್ತರ ಕೊಡಲಿಲ್ಲ. ಮತ್ತೆ ಯತ್ನಿಸಿದಳು. ಯಾವ ಊರಿನವಳೋ ಬಂದು ಬಾಗಿಲು ಬಡಿದ ಹಾಗೆ, ಅದು ತನ್ನಷ್ಟಕ್ಕೆ ತಾನು ಮಿಣುಕುತ್ತ ಕೂತಿತು.

"ಮುಗೀತು, ಮಾಮಾ," ಎಂದು ಕಸ್ತೂರಿ ಕೇಬಲ್ ಕಿತ್ತಳು.