ಎರಡು ಪಂಜರ, ಒಬ್ಬ ಬಾಯಿಬಡುಕ

ದೇವರನ್ನು ನೆನೆದು ಕಥೆ ಬರೆಯಲು ಕೂತಿದ್ದೇನೆ, ಆದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯದು. ಬೂಷ್ಟಿನಿಂದಲೇ ಮಾಡೋಣವೇ? ನನ್ನ ಕಥೆಯ ಅಕ್ಕ ಹಗಲೆಲ್ಲ ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಬೂಷ್ಟು ಸಾಕುತ್ತಾಳೆ. ಸಂಜೆ ಮನೆಗೆ ಬಂದು ತಮ್ಮನ ಕೋಣೆಯ ಗೋಡೆಯ ಬೂಷ್ಟನ್ನು ಬ್ರಷ್ ಹಿಡಿದು ಉಜ್ಜುತ್ತಾಳೆ.

(ಹೀಗೆ ಶುರು ಮಾಡಿದರೆ ಓದುಗರು ನಗುತ್ತಾರೆ. ನಗಲಿ. ಮುಂದೆ ಅಷ್ಟು ಸಿಗುವುದಿಲ್ಲ.)

1. ತಮ್ಮನಿಗೆ ಬೇರೆಯವರ ಕಿಡ್ನಿ ಹಾಕಲಿದ್ದಾರೆ. ದೇಹ ಅದನ್ನು ಹೊರದಬ್ಬದಂತೆ, ರೋಗದೊಡನೆ ಕಾದಾಡುವ ಶಕ್ತಿಯನ್ನೇ ಮಲಗಿಸುವ ಮಾತ್ರೆ ಕೊಡುತ್ತಾರೆ. ಆಗ ನಾವು ನೀವು ಲೆಕ್ಕಕ್ಕೇ ಇಡದ ಬೂಷ್ಟಿನ ಧೂಳು ಅವನ ಶ್ವಾಸಕೋಶದಲ್ಲಿ ಬೇರೂರಿ ಜೀವ ತೆಗೆಯಬಹುದು. ಅದಕ್ಕೊಂದು ಲಸಿಕೆ ಮಾಡಲು ಅಕ್ಕ ಒದ್ದಾಡುತ್ತಿದ್ದಾಳೆ. ಹಾಕುವುದಾದರೆ ಆಪರೇಷನ್‌ಗೆ ಮೊದಲೇ ಹಾಕಬೇಕು; ಕಾವಲಿನವರೆಲ್ಲ ಮಲಗಿದ ಮೇಲೆ ಲಸಿಕೆ ಬಂದು ಯಾರನ್ನು ಎಬ್ಬಿಸೀತು?

2. ಅಕ್ಕನ ಮುಂದೆ ಎರಡು ಪಂಜರ. ಒಂದರ ಇಲಿಗಳಿಗೆ ಲಸಿಕೆ, ಇನ್ನೊಂದರವಕ್ಕೆ ಬರೀ ಉಪ್ಪುನೀರು. ಆಮೇಲೆ ಎರಡಕ್ಕೂ ತಮ್ಮನಿಗೆ ಕೊಡುವಂಥದೇ ಮಾತ್ರೆ ಕೊಟ್ಟು, ಬೂಷ್ಟಿನ ಧೂಳನ್ನು ಮೂಗಿಗೆ ಊದಿದ್ದಾರೆ. ಯಾವುದು ಯಾವುದೆಂದು ಅಕ್ಕನಿಗೆ ತಿಳಿಯಕೂಡದು. ತಿಳಿದರೆ ಆಸೆಗಣ್ಣು ಇಲ್ಲದ್ದನ್ನೂ ಕಾಣುತ್ತದೆ. ನನಗೆ ತಿಳಿದಿತ್ತು. ಬಾಯಿ ತಡೆಯಲಿಲ್ಲ: ‘ಕಿಟಕಿ ಪಕ್ಕದ ಲಸಿಕೆಯ ಇಲಿಗಳು ಕುಣಿದಾಡುತ್ತಿದ್ದವು’ ಎಂದು ಬರೆದುಬಿಟ್ಟೆ.

ಅಕ್ಕ ನನ್ನತ್ತ ತಿರುಗಿದಳು. “ಹೇಳ್ಬಿಟ್ರಲ್ಲ ಸಾರ್! ಇನ್ನು ನಾನೇನು ನೋಡಿದ್ರೂ ನಂಬೋ ಹಾಗಿಲ್ಲ. ಹೊಸ ಇಲಿ ತರಿಸ್ಬೇಕು, ಮೊದಲಿಂದ ಮಾಡ್ಬೇಕು.”

“ಒಳ್ಳೇ ಸುದ್ದಿ ಅಲ್ವೇನಮ್ಮಾ?”

“ಸುದ್ದಿ ಅಲ್ಲ, ನಿಮ್ಮ ಆಸೆ.”

ಆ ಕರಡು ಹರಿದೆ. (ಮೂರನೆಯ ಭಾಗವೂ ಅದರಲ್ಲೇ ಹೋಯಿತು.) ಹೊಸ ಇಲಿಗಳು ಬಂದವು.

4. ಬದಲಿ ಮುಕ್ತಾಯ: ಅಕ್ಕ ಒಂದು ಸೀಸೆಯನ್ನು ಬ್ಯಾಗಿನಲ್ಲಿ ಅಡಗಿಸಿ ತಂದು ತಮ್ಮನಿಗೆ ಚುಚ್ಚುತ್ತಾಳೆ. ಕಥೆಗೆ ಒಪ್ಪುತ್ತದೆ. ತಮ್ಮನಿಗೂ ಒಪ್ಪಿತು. ಅಂಗಿಯ ತೋಳು ಮೇಲೇರಿಸಿಕೊಂಡೇ ಕೂತ.

“ಚುಚ್ಚಕ್ಕಾ. ನಾನೇನು ಇಲಿಗಿಂತ ಕಡೆನಾ?”

“ಇಲಿ ಸತ್ರೆ ಬರ್ಕೊಂಡು ಸುಮ್ನಾಗ್ತೀನಿ ಕಣೋ. ನೀನು…” ಬ್ರಷ್ ಎತ್ತಿಕೊಂಡು ಗೋಡೆಯತ್ತ ತಿರುಗಿದಳು.

ತಮ್ಮ ಮೆಲ್ಲಗೆ ತೋಳು ಇಳಿಸಿಕೊಂಡ.

“ಆ ಮೂಲೇಲಿ ಇನ್ನೂ ಇದೆ ನೋಡು, ಡಾಕ್ಟ್ರಮ್ಮ. ಮೈಗಳ್ಳಿ.”

5. ಆಪರೇಷನ್‌ಗೆ ಕರೆ ಬಂತು. ತಮ್ಮ ಲಸಿಕೆಯಿಲ್ಲದೆಯೇ ಹೋಗಿದ್ದಾನೆ. ನಾನು ಬದಲಿಸಬಹುದಿತ್ತು, ಅಕ್ಕ ಬಿಡಲಿಲ್ಲ. ಅವನು ಮರಳಿ ಬರುವ ಕೋಣೆಯ ಗೋಡೆ ಮಾತ್ರ ಉಜ್ಜಿದ ಪಾತ್ರೆಯಂತೆ ಹೊಳೆಯುತ್ತಿದೆ.

ಈಗ ಅವಳು ಹೊಸ ಪಂಜರಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಮುಂದೆಂದಾದರೂ ಇನ್ಯಾರದೋ ತಮ್ಮನಿಗೆ ಈ ಲಸಿಕೆ ಸಿಕ್ಕೀತೇ ಎಂಬುದರ ಉತ್ತರ ಒಳಗಿದೆ. ಈ ಸಲ ಯಾವ ಪಂಜರಕ್ಕೆ ಏನೆಂದು ನಾನೂ ತಿಳಿದುಕೊಂಡಿಲ್ಲ, ದೇವರಾಣೆ.

“ಸಾರ್, ಕಣ್ಣು ಮುಚ್ಕೊಂಡಿದ್ದೀರಾ?”

“ಮುಚ್ಕೊಂಡಿದ್ದೀನಮ್ಮ.”

“ಓದೋರು?”

ನಿಮ್ಮ ಪರವಾಗಿಯೂ ಹೂಂ ಅಂದಿದ್ದೇನೆ. ನನ್ನ ಮಾನ ಉಳಿಸಿ.