ಕಾಗೆ ಅಲ್ಲದ ಹಕ್ಕಿ

ಹೊತ್ತು ನೆತ್ತಿಗೆ ಬಂದರೂ ಒಂದು ಕಾಗೆಯ ಸುಳಿವಿರಲಿಲ್ಲ. ಬಾಲಾನಗರದ ಕಾರ್ಖಾನೆಗಳ ಹಿಂದಿನ ಸ್ಮಶಾನದಲ್ಲಿ ಸಾಬಮ್ಮ ನಾಲ್ಕಾರು ನಂಟರೊಂದಿಗೆ ಕಾಯುತ್ತ ಕೂತಿದ್ದಳು. ಗಂಡ ಲಿಂಗಣ್ಣನನ್ನು ಹೂತ ಹಸಿಮಣ್ಣಿನ ಮೇಲೆ ಮುತ್ತುಗದ ಎಲೆ ಹಾಸಿ, ಅನ್ನ, ಬೇಯಿಸಿದ ತತ್ತಿ, ಅವನಿಗೆ ಇಷ್ಟದ ಬೀಡಿ ಇಟ್ಟಾಗಿತ್ತು. ಮೂರನೇ ದಿನದ ಈ ಎಡೆಯನ್ನು ಕಾಗೆ ಮುಟ್ಟಿದರೇ ಸತ್ತವನ ಹಸಿವು ತೀರುವುದು. ಲಿಂಗಣ್ಣ ಯಾಕೆ ಮುನಿಸಿಕೊಂಡಿದ್ದಾನೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಹತ್ತು ವರ್ಷ ಗ್ರಾನೈಟ್ ಕೊಯ್ದು ಅವನ ಎದೆಯ ತುಂಬ ಕಲ್ಲಿನ ಹುಡಿ ಸೇರಿತ್ತು. ಕೆಂಬೂತದ ಮಾಂಸ ತಿಂದರೆ ದಮ್ಮು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದೇ ತಡ, ಸಾಬಮ್ಮ ಕಂಟಿಯಲ್ಲಿ ಉರುಳು ಹಾಕಿ ಒಂದನ್ನು ಹಿಡಿದಳು. ಆದರೆ ಇಲ್ಲಿಯ ತೆಲುಗರು ಅದಕ್ಕೆ ಜೆಮುಡುಕಾಕಿ ಅನ್ನುತ್ತಾರೆ, ಕಾಗೆಯ ಜಾತಿ ಅಂತ. ಲಿಂಗಣ್ಣ ಮುಖ ತಿರುಗಿಸಿದ.

"ಕಾಗಿ ತಿನಸ್ತೀಯೇನ? ಅದರಾಗ ನಮ್ಮಪ್ಪ ಇರ್ತಾನ."

ಬಯಲಿಗೆ ಹಕ್ಕಿ ಎಣಿಸಲು ಬರುತ್ತಿದ್ದ, ಕಲಬುರಗಿ ಕಡೆಯ ನಲಿನಿ ಮೇಡಂ ಹತ್ತಿರ ಅವಳು ಓಡಿದಳು. ಹಿಡಿದದ್ದನ್ನು ಮಾತ್ರ ಹೇಳಲಿಲ್ಲ.

"ಕಾಗಿ ಅಲ್ಲವ್ವ, ಕೋಗಿಲಿ ಕುಟುಂಬದ್ದು," ಎಂದರು ನಲಿನಿ. "ನೆಲದ ಮ್ಯಾಲ ಓಡಾಡ್ತೈತಿ, ಆದ್ರ ಕೋಗಿಲಿ ಹಾಂಗಲ್ಲ, ತನ್ನ ಗೂಡು ತಾನ ಕಟ್ತೈತಿ. ನೋಡಾಕಷ್ಟ ಕಾಗಿ ಹಾಂಗ."

"ಆಣಿ ಮಾಡ್ರಿ ಮೇಡಂ."

ನಲಿನಿ ನಕ್ಕು ಆಣೆ ಮಾಡಿದರು. ಆ ಆಣೆಯ ಮೇಲೆ ಲಿಂಗಣ್ಣ ನಾಲ್ಕು ತುತ್ತು ಉಂಡ. ಐದನೇ ದಿನಕ್ಕೆ ಸತ್ತ.

ಈಗ ಕಂಟಿಯೊಳಗೆ ಸರಸರ ಸದ್ದಾಯಿತು. ಕಂದುಗೆಂಪು ರೆಕ್ಕೆಯ ಕೆಂಬೂತವೊಂದು ನೆಲದ ಮೇಲೆ ನಡೆಯುತ್ತ ಬಂತು. ಉರುಳಿಗೆ ಬಿದ್ದದ್ದರ ಜೋಡಿಯೇ ಇರಬೇಕು ಅನ್ನಿಸಿತು ಸಾಬಮ್ಮನಿಗೆ. ಅದು ತತ್ತಿಯನ್ನು ಕುಕ್ಕಿ, ಎಳೆದುಕೊಂಡು ಮರೆಯಾಯಿತು.

ಮೈದುನ ಗುರುಶಾಂತ ಮಣ್ಣು ಝಾಡಿಸಿಕೊಂಡು ಎದ್ದ. "ಮುಟ್ಟಿತು ನೋಡ್ರಿ ವೈನಿ! ಜೆಮುಡುಕಾಕಿನೂ ಕಾಗಿನ. ನಡೀರಿ, ಮಂದಿ ಕೆಲಸಕ್ಕ ಹೋಗ್ಬೇಕು."

ಹೌದೆನ್ನುವ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಹೌದೆಂದರೆ ಲಿಂಗಣ್ಣನಿಗೆ ಅವನಪ್ಪನನ್ನೇ ಉಣ್ಣಿಸಿದಂತೆ. ಅಲ್ಲವೆಂದರೆ ಅವನು ಹಸಿದೇ ಇದ್ದಾನೆ. ಎತ್ತ ಹೋದರೂ ಪಾಪ ಅವಳದೇ.

"ಅದು ಕಾಗಿ ಅಲ್ಲಪ್ಪ," ಎಂದಳು. "ನೀವು ಹೋಗ್ರಿ."

ಅವರು ಹೋದರು. ಸೆರಗಿನಲ್ಲಿದ್ದ ಇನ್ನೊಂದು ತತ್ತಿ ಸುಲಿದು ಎಲೆಯ ಮೇಲಿಟ್ಟು, ಖಾಲಿ ಕರೆಂಟಿನ ತಂತಿಯತ್ತ ಮುಖವೆತ್ತಿ ಸಾಬಮ್ಮ, "ಕಾ... ಕಾ..." ಎಂದು ಕರೆಯತೊಡಗಿದಳು.