ಕುರ್ಚಿಯ ನೆರಳು

ಬೀದಿಯವರೆಲ್ಲ ಡ್ರಾಯಿಂಗ್ ಮೇಡಮ್ ಎಂದೇ ಕರೆಯುವ ಸೊಸೆಯ ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಆದರೂ ಎರಡು ತಿಂಗಳಲ್ಲಿ ಮೂರು ಸಲ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಬಂದಿದ್ದಳು. ನಾಲ್ಕನೆಯ ಸಲ ಚೀಲ ಹೆಗಲಿಗೇರಿಸಿದ್ದನ್ನು ಕಂಡು ಅತ್ತೆಗೆ ತಡೆಯಲಾಗಲಿಲ್ಲ.

“ವರ್ಷ ರಜೆ ಹಾಕಿದ್ದು ಚಿತ್ರ ಬರೆಯೋಕೋ, ಹಲ್ಲು ತೋರಿಸ್ಕೊಂಡು ತಿರುಗೋಕೋ?”

“ದವಡೆ ಹಲ್ಲು ಅತ್ತೆ. ಒಂದೇ ಸಮ ಸೆಳೀತಿದೆ.”

“ನಿನ್ನೆ ಎಡಗಡೆ ಅಂದೆ. ಇವತ್ತು ಬಲಗೆನ್ನೆ ಹಿಡ್ಕೊಂಡಿದ್ದೀಯ.”

ಅವಳು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು.

ಹದಿನಾರು ವರ್ಷ ಶಾಲೆಯ ಮಕ್ಕಳಿಗೆ ಹೂಜಿ, ಸೇಬು, ಎರಡು ಬೆಟ್ಟಗಳ ನಡುವಿನ ಸೂರ್ಯನನ್ನು ಬರೆಯಲು ಕಲಿಸಿದವಳು. ತನ್ನ ಚಿತ್ರ ಏನಿದ್ದರೂ ಶಾಲೆ ಬಿಟ್ಟ ಮೇಲೆ, ಇಲ್ಲವೇ ಭಾನುವಾರ ಮನೆಯವರು ಏಳುವ ಮುಂಚೆ. ಹಾಗೆ ಹೊತ್ತು ಕದ್ದು ಬರೆದ ಹನ್ನೊಂದು ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರೆ ಅಷ್ಟೂ ಮಾರಿಹೋದವು. ಎಲ್ಲಕ್ಕಿಂತ ದೊಡ್ಡದನ್ನು, ಅಡುಗೆಮನೆಯ ಚಿತ್ರವನ್ನು, ಹಲ್ಲಿನ ಡಾಕ್ಟರು ಕೊಂಡರು. ವರ್ಷದ ಅರ್ಧ ಖರ್ಚು ಅದೊಂದರಿಂದಲೇ ಹುಟ್ಟಿತು. ಅವಳು ಸಂಬಳವಿಲ್ಲದ ರಜೆಗೆ ಅರ್ಜಿ ಕೊಟ್ಟು, ಆಳೆತ್ತರದ ಕ್ಯಾನ್ವಾಸ್ ಬಿಗಿದು ಅದೇ ಅಡುಗೆಮನೆಯ ಗೋಡೆಗೆ ಒರಗಿಸಿದಳು.

ಐದು ತಿಂಗಳಾಗಿತ್ತು. ಕ್ಯಾನ್ವಾಸ್ ಇನ್ನೂ ಬೆಳ್ಳಗೇ ಇತ್ತು. ಅದರ ಮುಂದೆ ಕೂತರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಎದ್ದು ತೊಳೆದ ಕುಂಚವನ್ನೇ ಮತ್ತೆ ತೊಳೆಯುವಳು. ಗೇಣುದ್ದದ ಪೆನ್ಸಿಲನ್ನು ಹೆರೆದು ಹೆರೆದು ಬೆರಳುದ್ದ ಮಾಡುವಳು. ಗುಡಿಸಿದ ನೆಲ ಗುಡಿಸುವಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇವಳಿಗೆ ಎರಡೂ ಇದ್ದು ಅಗಿಯುವ ಧೈರ್ಯವಿರಲಿಲ್ಲ.

ಆ ಧೈರ್ಯ ಕಸಿದದ್ದು ಒಂದು ನೆರಳು. ಚಿತ್ರವನ್ನು ಕ್ಲಿನಿಕ್ಕಿನ ಗೋಡೆಗೆ ಏರಿಸಿದ ದಿನವೇ ಅದು ಕಣ್ಣಿಗೆ ಬಿದ್ದಿತ್ತು. ಚಿತ್ರದಲ್ಲಿ ಕಿಟಕಿ ಎಡಕ್ಕಿದೆ. ಪಾತ್ರೆ, ಕಪಾಟು, ನೀರಿನ ಕೊಡ, ಎಲ್ಲದರ ನೆರಳೂ ಬಲಕ್ಕೆ ಬಿದ್ದಿದೆ. ಕುರ್ಚಿಯ ನೆರಳು ಮಾತ್ರ ಎಡಕ್ಕೆ, ಕಿಟಕಿಯ ಕಡೆಗೇ! ಉಳಿದದ್ದನ್ನೆಲ್ಲ ಅವಳು ಭಾನುವಾರದ ಬೆಳಗಿನಲ್ಲಿ ಬರೆದಿದ್ದಳು. ಕುರ್ಚಿಯನ್ನು ಬರೆದದ್ದು ಶಾಲೆಯಿಂದ ಬಂದ ಮೇಲೆ, ಹಿತ್ತಲ ಬಾಗಿಲಿನಿಂದ ಸಂಜೆಯ ಬಿಸಿಲು ಒಳಗೆ ಬರುವಾಗ. ನೆರಳು ಯಾವ ಕಡೆ ಬೀಳಬೇಕೆಂದು ಆರನೇ ಕ್ಲಾಸಿನ ಮಕ್ಕಳ ಕಿವಿ ಹಿಂಡಿ ಕಲಿಸಿದವಳಿಗೆ ಇದಕ್ಕಿಂತ ನಾಚಿಕೆ ಬೇಕೇ? ಅದೊಂದನ್ನು ತಿದ್ದಿಬಿಟ್ಟರೆ ಕೈ ತಾನಾಗಿ ಓಡುತ್ತದೆ ಎಂದುಕೊಂಡಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಮಾತು ಇವಳಿಗೂ ಸಲ್ಲುತ್ತದೆ. ಸಂಕಟ ಮಾತ್ರ ಸುಳ್ಳಲ್ಲ.

ಇವತ್ತು ಚೀಲದಲ್ಲಿ ಎರಡು ಟ್ಯೂಬ್ ಬಣ್ಣ, ಒಂದು ಸಣ್ಣ ಕುಂಚ, ಒಂದು ಚಿಂದಿ ಬಟ್ಟೆ ಇದ್ದವು. ಒಂದೂವರೆಗೆ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವಾಕೆ ಊಟಕ್ಕೆ ಏಳುತ್ತಾಳೆ ಎಂಬುದನ್ನು ಮೂರು ಸಲ ಬಂದು ನೋಡಿಟ್ಟುಕೊಂಡಿದ್ದಳು. ಆಕೆ ಎದ್ದು ಹೋದಳು. ಬೆಂಚುಗಳೆಲ್ಲ ಖಾಲಿ. ಚಪ್ಪಲಿ ಕಳಚಿ ತನ್ನ ಚಿತ್ರದ ಕೆಳಗಿನ ಬೆಂಚು ಹತ್ತಿದಳು, ಕೈಯ ಹಿಂಬದಿಯ ಮೇಲೇ ಬಣ್ಣ ಕಲಸಿದಳು, ಅದು ಚಿತ್ರದೊಳಗಿನ ನೆಲದ ಕಂದಿಗೆ ಸರಿಯಾಗಿ ಹೊಂದಿತು. ಕುಂಚ ನೆರಳಿಗೆ ಇನ್ನೊಂದು ಬೆರಳಿನಷ್ಟು ದೂರವಿತ್ತು.

“ನೋವು ಹಲ್ಲಲ್ಲಿ ಅಂದಿದ್ರಲ್ಲ, ಮೇಡಮ್?”

ಡಾಕ್ಟರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ.

“ಕುರ್ಚಿ ನೆರಳು ತಪ್ಪಾಗಿದೆ ಡಾಕ್ಟ್ರೇ,” ಎಂದಳು ಒಂದೇ ಉಸಿರಿಗೆ. “ಎರಡೇ ನಿಮಿಷ. ನಿಮಗೆ ಗೊತ್ತೂ ಆಗಲ್ಲ.”

“ಗೊತ್ತಿದ್ದೇ ಕೊಂಡಿದ್ದು.” ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. “ಮನೆಗೆಲ್ಲ ಬೆಳಗಾಗಿದೆ, ಒಬ್ಬರಿಗೆ ಮಾತ್ರ ಆಗ್ಲೇ ಸಂಜೆ. ಕೂರೋಕೆ ಪುರುಸೊತ್ತಿಲ್ಲದೆ ಎದ್ದು ಹೋಗಿದ್ದಾರೆ ಅನ್ಸಿತ್ತು.”

ಅವಳು ಕುಂಚ ಇಳಿಸಲಿಲ್ಲ. “ತಪ್ಪು ತಪ್ಪೇ ಅಲ್ವಾ?”

“ಇರಬಹುದು. ಆದ್ರೆ ಇನ್ನೊಂದು ಹನಿ ಬಣ್ಣ ಬಿದ್ರೂ ಅದು ನಾನು ಕೊಂಡ ಚಿತ್ರ ಅಲ್ಲ. ತಿದ್ದಲೇಬೇಕಾ? ದುಡ್ಡು ವಾಪಸ್ ಕೊಟ್ಟು ತಗೊಂಡು ಹೋಗಿ. ತಮಾಷೆ ಮಾಡ್ತಿಲ್ಲ.”

ದುಡ್ಡು ಕೊಟ್ಟರೆ ಮುಂದಿನ ಸೋಮವಾರವೇ ಶಾಲೆ. ಮತ್ತೆ ಹೂಜಿ, ಮತ್ತೆ ಸೇಬು. ಕೊಟ್ಟೇಬಿಡಲೇ, ಈ ತಳಮಳವಾದರೂ ತಪ್ಪೀತು ಎನ್ನಿಸಿ ಒಂದು ಕ್ಷಣ ಮೈ ಹಗುರಾಯಿತು. ಆ ಹಗುರವೇ ಅವಳನ್ನು ಹೆದರಿಸಿತು. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ವಾಪಸು ಹೋಗುವ ನೆಪವನ್ನೇ ಎಂದು ಹೊಳೆದು, ಬೆಂಚಿನ ಮೇಲೆ ನಿಂತಲ್ಲೇ ಬೆವರಿದಳು.

ಕುಂಚವನ್ನು ಚಿಂದಿಗೆ ಒರೆಸಿದಳು. “ಇರಲಿ ಬಿಡಿ.”

“ಬಂದಿದ್ದೀರಲ್ಲ, ಹಲ್ಲು ನೋಡ್ಲಾ?”

“ಬೇಡ. ಗಟ್ಟಿಯಾಗೇ ಇದೆ.”

ಬೀದಿ ಬೀದಿ ಅಲೆದು ಸಂಜೆ ಮನೆಗೆ ಬಂದಾಗ ಅಡುಗೆಮನೆಯ ಆ ಕುರ್ಚಿಯ ಮೇಲೆ ಎಂದಿನಂತೆ ಒಗೆದ ಬಟ್ಟೆಯ ರಾಶಿ ಬಿದ್ದಿತ್ತು. ಹದಿನಾರು ವರ್ಷದಲ್ಲಿ ತಾನು ಅದರ ಮೇಲೆ ಕೂತ ನೆನಪೇ ಅವಳಿಗೆ ಬರಲಿಲ್ಲ. ಬಟ್ಟೆಯನ್ನೆಲ್ಲ ಮೂಲೆಗೆ ಎಸೆದು, ಕುರ್ಚಿಯನ್ನು ದರದರ ಎಳೆದು ತಂದು ಕ್ಯಾನ್ವಾಸಿನ ಮುಂದೆ ಹಾಕಿ ಕೂತಳು. ಹಿತ್ತಲ ಬಾಗಿಲಿನಿಂದ ಬಿಸಿಲು ಬಂದು, ಕುರ್ಚಿಯದೂ ಅವಳದೂ ಸೇರಿದ ಒಂದೇ ನೆರಳು ಆ ಬಿಳಿಯ ಮೇಲೆ ಬಿತ್ತು. ಇರುವೆಗಳು ಆಗಲೇ ಕಾಲು ಹತ್ತುತ್ತಿದ್ದವು. ನೆರಳು ಸರಿಯುವ ಮುಂಚೆ ಅಂಚು ಹಿಡಿಯಬೇಕು. ಅವಳು ದಪ್ಪ ಕುಂಚವನ್ನು ಕಂದು ಬಣ್ಣಕ್ಕೆ ಅದ್ದಿದಳು.

ಅತ್ತೆ ಬಾಗಿಲಲ್ಲಿ ಇಣುಕಿದರು. “ಹಲ್ಲು ಕಿತ್ರಾ?”

“ಇಲ್ಲ ಅತ್ತೆ.”

“ಮತ್ತೆ ನೋವು?”

“ಹಾಗೇ ಇದೆ,” ಎಂದಳು. ಕುರ್ಚಿಯಿಂದ ಏಳಲಿಲ್ಲ.